ಅರ್ಡಿಸ್ ಅತ್ತೆಯ ಮೂರು ಮೆಟ್ಟಿಲು

ಬೇಸಿಗೆ ಬಂತೆಂದರೆ ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರ ಊರಿಗೆ, ಬಡವರ ಸೇವೆಗೆಂದು ಚರ್ಚುಗಳು ಕಳಿಸುವವರ ವ್ಯಾನುಗಳು ಬರತೊಡಗುತ್ತವೆ. ಭಾನುವಾರ ಬಂದವರು ಶುಕ್ರವಾರ ಹೋಗುತ್ತಾರೆ. ಮತ್ತೆ ಭಾನುವಾರ ಬೇರೆ ಚರ್ಚಿನವರು. ಬಣ್ಣ ಬಳಿಯುವುದೆಂದರೆ ಎಲ್ಲರಿಗೂ ಬಲು ಹುರುಪು. ನನ್ನ ಸೋದರತ್ತೆ ಅರ್ಡಿಸಳ ಟ್ರೇಲರ್ ಮನೆ ಒಂದೇ ಬೇಸಿಗೆಯಲ್ಲಿ ಹಳದಿಯಾಗಿ, ನೀಲಿಯಾಗಿ, ಮತ್ತೆ ಹಳದಿಯಾಯಿತು. ಒಳಗೆ ನೆಲ ಕುಸಿದದ್ದು ಕುಸಿದಂತೆಯೇ ಇತ್ತು.

ಅತ್ತೆಗೆ ಬೇಕಾಗಿದ್ದು ಬಣ್ಣವಲ್ಲ. ಸಕ್ಕರೆ ಕಾಯಿಲೆಯಿಂದ ಎರಡೂ ಕಾಲು ಕಳೆದುಕೊಂಡ ಅವಳ ತಮ್ಮ ವರ್ಡೆಲ್, ನನ್ನ ಚಿಕ್ಕಪ್ಪ, ದೂರದ ನೆಬ್ರಾಸ್ಕಾ ರಾಜ್ಯದ ವೃದ್ಧಾಶ್ರಮದಲ್ಲಿದ್ದ. ಬಾಗಿಲ ಮುಂದಿನ ಮೂರು ಮೆಟ್ಟಿಲ ಮೇಲೆ ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಹಲಗೆ ಹಾಕಿದರೆ ಮಾತ್ರ ಮನೆಗೆ ಕಳಿಸುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಫೋನು ಮಾಡಿದಾಗಲೆಲ್ಲ ಅವನದು ಒಂದೇ ಪ್ರಶ್ನೆ, ಆಯ್ತಾ ಅಕ್ಕ ಎಂದು.

ಹಲಗೆ ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸೇವೆಯವರು ಹಲಗೆ, ಮೊಳೆ ಎಲ್ಲ ತುಂಬಿಕೊಂಡೇ ಬರುತ್ತಿದ್ದರು. ಏನು ಬೇಕು ಎಂದು ಕೇಳುತ್ತಲೂ ಇದ್ದರು. ಅತ್ತೆ ಬಾಯಿ ಬಿಟ್ಟರೆ ತಾನೆ? ಬಂದವರಿಗೆ ಮೊದಲು ಉಣ್ಣಿಸಬೇಕು, ಅವರ ಮುಂದೆ ಕೈ ಚಾಚಬಾರದು. ನಮ್ಮವನಾದವನು ನೋಡಿ ತಾನೇ ತಿಳಿದುಕೊಳ್ಳುತ್ತಾನೆ. ಇದು ನಮ್ಮ ಜನರ ನಡತೆ. ತಿಂಗಳಿಡೀ ಸಾಲಬೇಕಾದ ಹಿಟ್ಟು, ಮಾಂಸವನ್ನೆಲ್ಲ ಅತ್ತೆ ಕರಿದ ರೊಟ್ಟಿ, ಸಾರು ಮಾಡಿ ಬಡಿಸಿದಳು. ಅವರು ಚಪ್ಪರಿಸಿ ತಿಂದು, ಅವಳನ್ನು ತಬ್ಬಿಕೊಂಡು, ಗೋಡೆಗೆ ಬಣ್ಣ ಹಚ್ಚಿ ಹೋದರು.

ನನಗೆ ಮೈಯೆಲ್ಲ ಉರಿಯಿತು. "ನಾನೇ ಹೇಳ್ತೀನಿ ಅತ್ತೆ," ಎಂದೆ.

"ಹೇಳಿದ್ರೆ ಈ ಮನೆ ಹೊಸಿಲು ತುಳೀಬೇಡ. ಉಣ್ಣಕ್ಕಿಟ್ಟು ಬಿಲ್ಲು ಕೊಟ್ಟಂಗಾಗುತ್ತೆ."

"ಅವರೇನು ನೆಂಟರಾ? ಅವರಿಗೆಲ್ಲಿ ಕಾಣುತ್ತೆ?"

"ಗಾಲಿಕುರ್ಚೀಲಿ ಕೂತಿರೋ ತಮ್ಮನ ಫೋಟೋ ಗೋಡೆ ಮೇಲೇ ಐತೆ. ಕಣ್ಣಿದ್ದೋರು ಕೇಳ್ತಾರೆ."

ಕೊನೆಯ ಗುಂಪಿನ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು, ಅದು ಯಾರು ಎಂದು. ಅತ್ತೆಯ ಮುಖ ಅರಳಿತು. ಚಿಕ್ಕಪ್ಪ ಕುದುರೆ ಪಳಗಿಸುತ್ತಿದ್ದ ಕಾಲದ ಕತೆಯೆಲ್ಲ ಹೇಳಿ, ಈಗ ಎಲ್ಲಿದ್ದಾನೆ ಎಂಬುದನ್ನೂ ಹೇಳಿದಳು; ಹಲಗೆಯ ಮಾತು ಮಾತ್ರ ಎತ್ತಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡು, ಅವನಿಗಾಗಿ ಪ್ರಾರ್ಥಿಸುತ್ತೇನೆ ಎಂದಳು. ಶುಕ್ರವಾರ ವ್ಯಾನು ಹೊರಟಾಗ ಮೆಟ್ಟಿಲಿಗೂ ಹಳದಿ ಬಣ್ಣ ಬಿದ್ದಿತ್ತು.

ಹಿಮ ಬಿದ್ದ ಮೇಲೆ ಚಿಕ್ಕಪ್ಪ ಆಶ್ರಮದಲ್ಲೇ ಸತ್ತ. ಸತ್ತವರನ್ನು ಮನೆಗೆ ತಂದು, ಮಣ್ಣು ಮಾಡುವತನಕ ಒಂಟಿಯಾಗಿ ಬಿಡದೆ ಜೊತೆಗಿರುವುದು ನಮ್ಮ ವಾಡಿಕೆ. ನಾನೂ ನನ್ನ ಅಣ್ಣತಮ್ಮಂದಿರೂ ಪೆಟ್ಟಿಗೆ ಹೊತ್ತು ಮೂರು ಮೆಟ್ಟಿಲು ಹತ್ತಿದೆವು. ಕಷ್ಟವೇನೂ ಆಗಲಿಲ್ಲ; ಕಾಲಿಲ್ಲದ ಮನುಷ್ಯ ಹಗುರಾಗಿದ್ದ.

"ಬಂದ ನೋಡು, ಯಾರ ಹಂಗೂ ಇಲ್ದೆ," ಎಂದಳು ಅತ್ತೆ. ಆಮೇಲೆ ಬಾಗಿಲಲ್ಲೇ ಕೂತು ನನ್ನ ಕೈ ಹಿಡಿದುಕೊಂಡಳು.

"ನಾನೇ ಕೇಳಬೇಕಿತ್ತು ಕಣೋ."