ಮಸ್ಕತ್ತಿಗೆ ಹಡಗೇರಿದ ಡೇಗು

ಯುಗಾದಿಯ ಮರುದಿನ (ಪಂಚಾಂಗ ನೋಡಿ ಖಚಿತಪಡಿಸಿಕೊಂಡಿದ್ದೇನೆ) ಭಾಗ್ಯನಗರದ ನಮ್ಮ ನೆರೆಮನೆಯ ಖಾತೂನಬಿ ಬಿರಿಯಾನಿ ಬೇಯಿಸುವ ದೊಡ್ಡ ತಾಮ್ರದ ಡೇಗಿನ ಮುಂದೆ ಚಿಂತಿಸುತ್ತ ಕುಳಿತಿದ್ದರು. ಮಸ್ಕತ್ತಿನಲ್ಲಿ ಖಾನಾವಳಿ ತೆರೆಯಲಿರುವ ಮಗಳಿಗೆ ಅದು ಬೇಕೇಬೇಕು. ವಿಮಾನದ ದರವೋ ಕೈಗೆಟುಕದು.

“ಮಗಳ ಮನಿಗೆ ಖಾಲಿ ಪಾತ್ರಿ ಕಳಸೂದಿಲ್ರಿ ಸರ. ತುಂಬಿಸಿದ್ರ ರೊಕ್ಕ ಹೋಗ್ತೈತಿ, ತುಂಬಸದಿದ್ರ ಮರ್ಯಾದಿ!”

ಸಾಗಣೆ ಕಚೇರಿಗೆ ನಾನೇ ಫೋನ್ ಮಾಡಿ, ಎರಡೆರಡು ಸಲ ಕೇಳಿ ದೃಢಪಡಿಸಿಕೊಂಡೆ: ಹಲವರ ಸಾಮಾನು ಒಟ್ಟುಗೂಡಿಸಿ ಹಡಗಿನಲ್ಲಿ ಒಯ್ಯುವಾಗ ಡೇಗು ಹಿಡಿಸುವಂಥ ಪೆಟ್ಟಿಗೆಗೆ ಬಾಡಿಗೆ ಅಳತೆಯ ಮೇಲೆ, ತೂಕದ ಮೇಲಲ್ಲ. ತಲುಪುವುದು ತಡ, ಅಷ್ಟೇ.

“ಅಂದ್ರ ಒಳಗ ತುಂಬಿದ್ದೆಲ್ಲಾ ಪುಕ್ಕಟೆನ್ರಿ?” ಖಾತೂನಬಿ ಜಿಗಿದೆದ್ದರು. ಡೇಗಿನೊಳಗೆ ಬೀಸುಕಲ್ಲು ಇಳಿಯಿತು, ರೊಟ್ಟಿಯ ಹಂಚು ಇಳಿಯಿತು, ಮೇಲೆ ಕೌದಿಗಳು. ನಾನೂ ಬಗ್ಗಿ ಬಗ್ಗಿ ಕೌದಿ ಒತ್ತಿದೆ. “ಇವರನ್ನೂ ಒಳಗ ಕುಂಡ್ರಸ್ರಿ, ಪುಕ್ಕಟೆ ಹೋಗ್ತಾರ!” ಎಂದಳು ನನ್ನ ಹೆಂಡತಿ. ಓಣಿಗೆ ಓಣಿಯೇ ನಕ್ಕಿತು.

ಮೊನ್ನೆ ಮಸ್ಕತ್ತಿನಿಂದ ಫೋಟೊ ಬಂದಿದೆ. ಡೇಗು ಒಲೆಯೇರಿದೆ, ಮಗಳು ನಗುತ್ತಿದ್ದಾಳೆ. ಪಕ್ಕದಲ್ಲಿ ಬಿಚ್ಚಿಟ್ಟ ಕೌದಿ, ಅದರ ಮೇಲೆ ನನ್ನ ಕನ್ನಡಕ. ಅದನ್ನು ಕುಷ್ಟಗಿಯ ಬಸ್ಸಿನಲ್ಲಿ ಕಳೆದುಕೊಂಡೆನೆಂದು ಇಷ್ಟು ದಿನ ಎಲ್ಲರಿಗೂ ಆಣೆ ಮಾಡಿ ಹೇಳಿದ್ದೆ. ದಾಖಲೆ ಬೇರೆಯೇ ಹೇಳುತ್ತಿದೆ.