ಎಣ್ಣೆ ಕುಡಿದ ನೆಲ

ಮೊನ್ನೆ ತಿಪಟೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಿಗೋ ತೋರಿಸಲು ಅಂಟಿನ ಡಬ್ಬಿಯ ಮುಚ್ಚಳ ತೆಗೆದರು. ಆ ಘಾಟಿಗೆ ನನಗೆ ನೆನಪಾದದ್ದು ಬಸ್ ಬಾಡಿ ಕಟ್ಟುವ ಶೆಡ್ಡಿನ ಆಚಾರ್ರು. ಹಿಂದೊಮ್ಮೆ ನಾಲ್ಕು ದಿನ ನಮ್ಮ ಗಾಡಿಯ ನೆಲದ ಮೇಲೆ ಮಂಡಿಯೂರಿ ಕೂತಿದ್ದವರು...

ಅದು ಹಳೆಯ ಮಿನಿ ಬಸ್ಸು. ನಿವೃತ್ತನಾದ ಮೇಲೆ ಸೀಟು ಕೀಳಿಸಿ, ಮಂಚ, ಒಲೆ ಹಾಕಿಸಿ, ನೆಲಕ್ಕೆ ವಿನೈಲ್ ಟೈಲ್ಸ್ ಅಂಟಿಸಿ ಓಡಾಡುವ ಮನೆ ಮಾಡಿಕೊಂಡಿದ್ದೆ. ಹೆಂಡತಿಗೆ ಸೊಂಟದ ಆಪರೇಷನ್ ಆಗಿತ್ತು. ನಾಲ್ಕು ಊರು ನೋಡಬೇಕೆಂದರೆ ಅವಳಿಗೆ ಇದ್ದದ್ದು ಈ ಗಾಡಿಯೊಂದೇ. ಆದರೆ ನಮ್ಮ ಸೀಮೆಯ ಬುದ್ಧಿ ಎಲ್ಲಿ ಹೋಗುತ್ತದೆ! ಸೂರಿರುವ ಖಾಲಿ ಜಾಗ ಕಂಡರೆ ಕೊಬ್ಬರಿ ಸುರಿಯುವ ಜನ ನಾವು. ಅಟ್ಟ ತುಂಬಿದ ವರ್ಷ, ಕರಟ ತೆಗೆದ ಉಂಡೆ ಕೊಬ್ಬರಿಯನ್ನು ಗಾಡಿಯೊಳಗೆ ಹರವಿ ಬೇಸಿಗೆ ಪೂರ್ತಿ ಬಾಗಿಲು ಹಾಕಿಟ್ಟೆ. ಎಣ್ಣೆ ಜಿನುಗಿ ಸಂದುಗಳಿಗೆ ಇಳಿಯಿತು. ಟೈಲ್ಸಿನ ಅಂಚು ಎದ್ದು, ಅದನ್ನು ಎಡವಿ ಅವಳು ಬಿದ್ದಳು. ಮೂಳೆಗೇನೂ ಆಗಲಿಲ್ಲ. ಆದರೆ ಇನ್ನು ಈ ಗಾಡಿ ಹತ್ತುವುದಿಲ್ಲ ಎಂದುಬಿಟ್ಟಳು.

ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಆಚಾರ್ರನ್ನು ಕರೆತಂದೆ. ಎದ್ದ ನಾಲ್ಕು ಟೈಲ್ಸನ್ನು ಮಾತ್ರ ಬದಲಾಯಿಸಿ ಎಂದೆ. ಅವರು ಕೆಳಗಿನ ಪ್ಲೈವುಡ್ಡನ್ನು ಉಗುರಿನಿಂದ ಕೆರೆದು ಮೂಸಿದರು.

"ಹಲಗೆ ಎಣ್ಣೆ ಕುಡ್ದೈತೆ ಕಣ್ರೀ ಸ್ವಾಮಿ. ಇದ್ರ ಮ್ಯಾಲೆ ಏನು ಅಂಟ್ಸಿದ್ರೂ ವಾರಕ್ಕೆ ಏಳ್ತೈತೆ."

ನಾನು ಹಟ ಹಿಡಿದೆ. ಅವರು ನಾನು ಹೇಳಿದಷ್ಟನ್ನೇ ಅಂಟಿಸಿ ಹೋದರು. ಎಂಟನೇ ದಿನ ನಾಲ್ಕೂ ಎದ್ದವು. ಮತ್ತೆ ಕರೆದಾಗ ಬಂದರು; ಹೇಳಿರಲಿಲ್ಲವಾ ಎಂದು ಒಂದು ಮಾತೂ ಆಡಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಎಲ್ಲ ಟೈಲ್ಸ್ ಕಿತ್ತು, ಎಣ್ಣೆ ಹಿಡಿದ ಹಲಗೆ ಕೊಯ್ದು ತೆಗೆದು, ಹೊಸ ಹಲಗೆ ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ಒಂದೊಂದಾಗಿ ಹೊಸ ಟೈಲ್ಸ್ ಅಂಟಿಸಿದರು.

ಕೊನೆಯ ದಿನ ಚಪ್ಪಲಿ ಕಳಚಿ, ಕಣ್ಣು ಮುಚ್ಚಿಕೊಂಡು, ಪಾದ ಎತ್ತದೆ ಜಾರಿಸುತ್ತ ಆ ನೆಲದ ಮೇಲೆ ನಡೆದರು. ಬಸ್ಸಿನ ನೆಲ ಮುಗಿಸಿದಾಗಲೆಲ್ಲ ಹಾಗೆಯೇ ಮಾಡುತ್ತಿದ್ದರಂತೆ. ಒಲೆಯ ಹತ್ತಿರ ಅವರ ಕಾಲಿನ ಹೆಬ್ಬೆರಳಿಗೆ ಏನೋ ತಡೆಯಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರು ಆ ಟೈಲ್ಸನ್ನು ಬಿಸಿ ಮಾಡಿ ಕಿತ್ತು ಮತ್ತೆ ಅಂಟಿಸಿದರು. ಹೆಂಡತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು.

"ಬನ್ನಿ ತಾಯಿ, ಈಗ ನಿಮ್ಮ ಕಾಲು ಹೇಳ್ಲಿ" ಎಂದರು.

ಅವಳು ಹತ್ತಿದಳು. ಮುಂದಿನ ವಾರ ಬೋರನಕಣಿವೆ ಜಲಾಶಯದ ನೀರಿನ ಎದುರು ಗಾಡಿ ನಿಲ್ಲಿಸಿದಾಗ ಅವಳೇ ಒಳಗೆ ನಿಂತು ಕಾಫಿ ಮಾಡಿದಳು.

ಆಮೇಲೆ ನಾನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ... ಮೊನ್ನೆ ಅಂಗಡಿಗೆ ಹೋದದ್ದೂ ಗಾಡಿಯ ಬಾಗಿಲ ಬಳಿ ಒಂದು ಟೈಲ್ಸ್ ಸೀಳಿಹೋಗಿತ್ತೆಂದು. ಅಂಟಿನ ವಾಸನೆಗೆ ಅವರು ನೆನಪಾಗಿ, ಅವರನ್ನೇ ಕರೆಯೋಣವೆಂದು ಶೆಡ್ಡಿಗೆ ಹೋದೆ. ತೀರಿಕೊಂಡು ವರ್ಷವಾಯಿತಂತೆ. ಅಷ್ಟು ಊರು ಸುತ್ತಿದ ಆ ಗಾಡಿಯಲ್ಲಿ ಒಂದು ಸಲವೂ ಅವರನ್ನು ಕೂರಿಸಿಕೊಂಡು ಹೋಗಲಿಲ್ಲವಲ್ಲ ಎಂದು ಸಂಕಟವಾಯಿತು. ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿ, ಟೈಲ್ಸಿಗೆ ಬೇರೆಯವರನ್ನು ಕರೆಸುತ್ತೇನೆ ಎಂದೆ.

ಅವಳು ಗಾಡಿಯ ಬಳಿ ಹೋಗಿ, ಬಾಗಿಲ ಹತ್ತಿರದ ಆ ಸೀಳನ್ನು ಕೈಯಿಂದ ಸವರಿ ನೋಡಿದಳು.

"ಅವ್ರು ಅಂಟ್ಸಿದ್ದನ್ನ ಕೀಳೋದು ಬ್ಯಾಡ ಬುಡ್ರಿ. ಹಂಗೇ ಇರ್ಲಿ. ನಾನೇ ನೋಡ್ಕಂಡು ಕಾಲಿಡ್ತೀನಿ."