ಎಡಕ್ಕೆ ಹೊರಳಿದ ಬಳ್ಳಿ

ಕಸೂತಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬರೆದಳೆಂದು ಮೇಷ್ಟ್ರು ಗೆಣ್ಣಿಗೆ ಹೊಡೆದರೆ, ಶಾಲೆಗೆ ನುಗ್ಗಿ ಜಗಳ ಕಾದವಳು ಅಕ್ಕ. ಮುಂದೆ ಅಂಗಡಿ ತೆರೆದಾಗ ಎಡಗೈಯವರ ಕತ್ತರಿಯನ್ನು ಎಲ್ಲಿಂದಲೋ ಹುಡುಕಿ ತಂದುಕೊಟ್ಟವಳೂ ಅಕ್ಕನೇ. ಆ ಅಕ್ಕ ಹಾಕಿದ ಗೆರೆಯನ್ನು ಈ ತಂಗಿ ಒಮ್ಮೆಯೂ ದಾಟಿದವಳಲ್ಲ.

ಎರಡು ವರ್ಷದ ಹಿಂದೆ ಸಿನಿಮಾದವರು ಬಂದು, ಹದಿನೇಳರ ರಾಣಿಯೊಬ್ಬಳ ಪಟ್ಟಾಭಿಷೇಕಕ್ಕೆ ನಿಲುವಂಗಿ ಬೇಕು ಎಂದಿದ್ದರು. ಏಳು ತಿಂಗಳು ಚೌಕಟ್ಟಿನ ಮೇಲೆ ಬಗ್ಗಿದ ಎಡಚಿ ಬೆನ್ನೆತ್ತಲಿಲ್ಲ. ಜರಿ ದಾರದ ಬಳ್ಳಿ ಅಂಚಿನಿಂದ ಹೆಗಲವರೆಗೂ ಹಬ್ಬಿತು. ಅದನ್ನು ತಲುಪಿಸಿ ಬಂದ ಅಕ್ಕ ಮುಖ ಇಳಿಬಿಟ್ಟು ಕೂತಳು. ಬೇಡ ಅಂದರಂತೆ, ಎಡಗೈ ಹೊಲಿಗೆ, ಹುರಿಯೆಲ್ಲ ತಿರುವುಮುರುವು, ಕ್ಯಾಮೆರಾದಲ್ಲಿ ಒರಟಾಗಿ ಕಾಣುತ್ತದಂತೆ. ಮುಂಗಡ ಕೊಟ್ಟಾಗಿದೆಯೆಂದು ಅಂಗಿಯನ್ನು ಅಲ್ಲೇ ಇಟ್ಟುಕೊಂಡು ಬೇರೆಯವರಿಂದ ಇನ್ನೊಂದು ಹೊಲಿಸುತ್ತಾರಂತೆ. ಇನ್ನು ಮೇಲೆ ಬಲಗೈ ರೂಢಿ ಮಾಡಿಕೋ ಎಂದು ತಂಗಿಯ ಬೆನ್ನು ಸವರಿದಳು. ಮೂವತ್ತೆಂಟನೇ ವಯಸ್ಸಿನಲ್ಲಿ ಸೂಜಿ ಹಿಡಿಯುವುದನ್ನು ಮೊದಲಿಂದ ಕಲಿಯುವುದೆಂದರೆ ಹುಡುಗಾಟವೇ? ಬೆರಳೆಲ್ಲ ಚುಚ್ಚಿಕೊಂಡು, ಕೊನೆಗೆ ಗುಂಡಿಗಳಿಗೆ ಕಾಜ ಹಾಕುವ, ಅಂಚು ಮಡಿಸುವ ಕೆಲಸಕ್ಕೆ ಇಳಿದಳು. ಕತ್ತರಿ ಅಕ್ಕನ ಡ್ರಾಯರ್ ಸೇರಿತು.

ಸಿನಿಮಾ ಬಿಡುಗಡೆಯಾದಾಗ, ನೋಡಿ ಹೊಟ್ಟೆ ಉರಿಸಿಕೊಳ್ಳುವುದೇಕೆ, ಹೋಗಬೇಡ ಎಂದಳು ಅಕ್ಕ. ಎಡಚಿಗೆ ಮಾತ್ರ, ತನ್ನದಕ್ಕಿಂತ ಚೆಂದದ ಹೊಲಿಗೆ ಯಾರದಿರಬಹುದು ಎಂಬ ಕುತೂಹಲ. ರಜೆಯ ದಿನ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದಳು.

ಪರದೆಯ ಮೇಲೆ ತಾಯಿಯಿಲ್ಲದ ರಾಣಿಗೆ ಸೋದರತ್ತೆಯೇ ಕಾವಲು. ಎಲ್ಲ ನಿನ್ನ ಒಳ್ಳೆಯದಕ್ಕೇ ಎನ್ನುತ್ತ ರಾಜಮುದ್ರೆಯನ್ನು ತಾನೇ ಇಟ್ಟುಕೊಂಡಿದ್ದಳು. ಪಕ್ಕದ ಸೀಟಿನ ಹೆಂಗಸು ಅತ್ತೆಗೆ ಹಿಡಿಶಾಪ ಹಾಕುತ್ತಿದ್ದಳು. ಅಷ್ಟರಲ್ಲಿ ರಾಣಿ ಸಿಂಹಾಸನದ ಮೆಟ್ಟಿಲು ಹತ್ತಿದಳು, ಕ್ಯಾಮೆರಾ ಅವಳ ಬೆನ್ನ ಹಿಂದೆಯೇ ಹೋಯಿತು. ಪರದೆ ತುಂಬ ಜರಿ ಬಳ್ಳಿ, ಹುರಿ ಒಂದೊಂದೂ ಎಡಕ್ಕೆ ಹೊರಳಿದ್ದು. ಅದು ಎಡಚಿಯದೇ ಹೊಲಿಗೆ. ಹೆತ್ತ ಮಗುವನ್ನು ಜಾತ್ರೆಯಷ್ಟು ಜನರ ನಡುವೆ ಕಂಡರೂ ಗುರುತು ಸಿಗದೇ? ಒರಟು ಎಲ್ಲಿಯೂ ಇರಲಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ ಪಕ್ಕದವಳು ಶಾಪ ಹಾಕುವುದನ್ನೇ ಮರೆತಿದ್ದಳು.

ಉಳಿದ ಕಥೆ ನೋಡದೆ ನೇರ ಅಂಗಡಿಗೆ ಬಂದಳು. ರಜೆಯಾದರೂ ಅಕ್ಕ ಒಬ್ಬಳೇ ಕೂತು ಲೈನಿಂಗ್ ಬಟ್ಟೆ ಅಳೆಯುತ್ತಿದ್ದಳು. ತಂಗಿಯ ಮುಖ ನೋಡಿದ್ದೇ ಟೇಪು ಕೆಳಗಿಟ್ಟಳು. ಇನ್ನೊಂದು ಸುಳ್ಳು ಹೇಳಲು ಹೋಗಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವಳು. ಸಿನಿಮಾದವರು ನಿಲುವಂಗಿ ನೋಡಿ ಬೆರಗಾಗಿ, ಈ ಎಡಗೈ ಯಾರದು, ಅವರನ್ನು ನಮ್ಮಲ್ಲಿಗೆ ಕಳಿಸಿ ಎಂದು ಬೆನ್ನುಬಿದ್ದಿದ್ದರಂತೆ.

"ಹೇಳಿದ್ರೆ ನೀನು ಹೊರಟುಹೋಗ್ತಿದ್ದೆ," ಎಂದಳು ಅಕ್ಕ. "ನಿನ್ನ ಬಿಟ್ರೆ ನನಗೆ ಯಾರಿದ್ದಾರೆ?"

ನಂಬಿಸಿ ಕತ್ತು ಕೊಯ್ಯುವುದನ್ನು ಎಡಚಿ ಊರವರ ಕಥೆಗಳಲ್ಲಿ ಕೇಳಿದ್ದಳು. ಮನೆಯವರೇ, ಅದೂ ಬೆನ್ನು ಸವರುತ್ತ ಕೊಯ್ಯುತ್ತಾರೆಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರು ಗೆಣ್ಣಿಗೆ ಹೊಡೆದಾಗಲೂ ಇಷ್ಟು ನೋವಾಗಿರಲಿಲ್ಲ.

"ಹೋಗ್ತಿರ್ಲಿಲ್ಲ ಅಕ್ಕ. ನಿನ್ನ ಬಿಟ್ಟು ಹೋಗೋದು ನನಗೆ ಹೊಳೀತಾನೇ ಇರ್ಲಿಲ್ಲ," ಎಂದಳು. "ಈಗ ಹೋಗ್ತೀನಿ. ಡ್ರಾಯರ್ ತೆಗಿ, ನನ್ನ ಕತ್ತರಿ ಕೊಡು."

ಅಕ್ಕ ಬೀಗದ ಕೈ ಹುಡುಕತೊಡಗಿದಳು. ಅದು ಅವಳ ಸೊಂಟದಲ್ಲೇ ಇತ್ತು. ಎಡಚಿ ಎಡಗೈ ಚಾಚಿಕೊಂಡು ನಿಂತೇ ಇದ್ದಳು.